ಪ್ರೊಫೆಸರ್ ಬಾಗಿಲು ತಟ್ಟು, ತಂಗಿ

ನಿನ್ನ ಪತ್ರ ಓದಿದೆ. ಶಿವಮೊಗ್ಗದಲ್ಲಿ ಸೆಕೆಂಡ್ ಪಿಯುಸಿ ಮುಗಿಸಿ, ಅಪ್ಪನ ಕೆಲಸದ ಜತೆ ಮಿಷಿಗನ್‌ಗೆ ಬಂದು, ಈಗ ಬಯಾಲಜಿ ಡಿಗ್ರಿಯ ಮೊದಲ ವರ್ಷದಲ್ಲಿದ್ದೀಯ. ಮುಂದೆ ಡೆಂಟಲ್ ಸ್ಕೂಲ್ ಸೇರಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಊರಿಗೆ ಹೋಗಿ ಬಿಡಿಎಸ್ ಮಾಡಿಕೊಂಡು ಬಾ, ಅದೇ ಸುಲಭ" ಅಂತಿದ್ದಾರೆ. ಯಾವುದು ಸರಿ, ಈಗಿನಿಂದಲೇ ಏನು ತಯಾರಿ ಮಾಡಬೇಕು, ಇಲ್ಲಿಯ ಚಳಿ ಹೇಗೆ ತಡೆದುಕೊಳ್ಳೋದು ಅಂತ ಕೇಳಿದ್ದೀಯ.

ಚಳಿಗೆ ಒಳ್ಳೆಯ ಬೂಟು ತಗೋ, ಅದರಲ್ಲಿ ಜಿಪುಣತನ ಬೇಡ. ನಾನು ಬಂದಿದ್ದು ಜನವರಿಯಲ್ಲಿ, ಬೆಂಗಳೂರಿನಲ್ಲಿ ಕೊಂಡ ಸ್ವೆಟರ್ ಹಾಕಿಕೊಂಡು. ಡೆಟ್ರಾಯ್ಟ್ ಏರ್‌ಪೋರ್ಟಿನ ಬಾಗಿಲು ತೆರೆದಾಗ ಹೊಡೆದ ಗಾಳಿ ಇನ್ನೂ ನೆನಪಿದೆ. ಆದರೂ ಚಳಿ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದೇ ಉಳಿದದ್ದು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಬಿಡಿಎಸ್ ದಾರಿಯಲ್ಲೇ ಬಂದವಳು ನಾನು, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಅಲ್ಲಿ ನೀಟ್ ಬರೆಯಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆ ಡಿಗ್ರಿ ಹಿಡಿದುಕೊಂಡು ಬಂದರೆ ಬಹುತೇಕ ರಾಜ್ಯಗಳಲ್ಲಿ ನೇರವಾಗಿ ಪ್ರಾಕ್ಟೀಸ್ ಮಾಡಲು ಬಿಡುವುದಿಲ್ಲ. ಐಎನ್‌ಬಿಡಿಇ ಅನ್ನುವ ಇಲ್ಲಿಯ ಡೆಂಟಲ್ ಬೋರ್ಡ್ ಪರೀಕ್ಷೆ, ಇಂಗ್ಲಿಷಿಗೆ ಟೋಫೆಲ್ ಪರೀಕ್ಷೆ ಎಲ್ಲ ಮುಗಿಸಿ, ಇಲ್ಲಿಯ ಡೆಂಟಲ್ ಸ್ಕೂಲಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಆ ಸೀಟುಗಳೋ ಬೆರಳೆಣಿಕೆಯಷ್ಟು. ನೀನು ಇಲ್ಲೇ ಓದಿದರೆ ಡಿಗ್ರಿ ನಾಲ್ಕು, ಡೆಂಟಲ್ ಸ್ಕೂಲ್ ನಾಲ್ಕು. ಹೇಗೆ ಲೆಕ್ಕ ಹಾಕಿದರೂ ಏಳೆಂಟು ವರ್ಷವೇ. ಇಲ್ಲಿ ಬದುಕುವ ಮನಸ್ಸಿದ್ದರೆ ಇಲ್ಲೇ ಓದು. ಇಲ್ಲಿಯ ಡೆಂಟಲ್ ಸ್ಕೂಲ್‌ಗಳು ಕೊಡುವ ಡಿಡಿಎಸ್, ಡಿಎಂಡಿ ಎರಡರಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡ, ಎರಡೂ ಒಂದೇ ಡಿಗ್ರಿ.

ಆದರೆ ಅಪ್ಪನ ಹತ್ತಿರ ಕೂತು ವೀಸಾ ವಿಷಯ ಇವತ್ತೇ ಮಾತಾಡು. ನೀನು ಅಪ್ಪನ ಕೆಲಸದ ವೀಸಾಗೆ ಅಂಟಿಕೊಂಡ ಎಚ್4ನಲ್ಲಿ ಇದ್ದರೆ 21 ವರ್ಷ ತುಂಬಿದ ಮೇಲೆ ಅದು ನಡೆಯುವುದಿಲ್ಲ, ವಿದ್ಯಾರ್ಥಿ ವೀಸಾ ಎಫ್1ಗೆ ಬದಲಾಯಿಸಬೇಕು. ಗ್ರೀನ್ ಕಾರ್ಡ್ ಇಲ್ಲದೆ ಇಂಥ ವೀಸಾದಲ್ಲಿ ಇರುವವರಿಗೆ ಫೆಡರಲ್ ಸಾಲ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಓದಿನ ಸಾಲ, ಸಿಗುವುದಿಲ್ಲ. ಕೆಲವು ಸರ್ಕಾರಿ ಡೆಂಟಲ್ ಸ್ಕೂಲ್‌ಗಳು ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಕಾರ್ಡ್ ಇದ್ದವರಿಗೂ ಹೊಸ ಕಾನೂನಿನ ಪ್ರಕಾರ, 2026ರ ಜುಲೈನಿಂದ ಹೊಸದಾಗಿ ಸಾಲ ತೆಗೆಯುವವರಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಖಾಸಗಿ ಶಾಲೆಯ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ನಮ್ಮ ಜನ ಮಕ್ಕಳ ಮುಂದೆ ದುಡ್ಡಿನ ಮಾತು ಎತ್ತುವುದಿಲ್ಲ. ಈ ಒಂದು ಸಲ ನೀನೇ ಎತ್ತು.

ಓದಿನ ಬಗ್ಗೆ ನಿನಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಇವೆಲ್ಲ ಲ್ಯಾಬ್ ಸಮೇತ ಬೇಕು. ಬಯೋಕೆಮಿಸ್ಟ್ರಿ, ಇಂಗ್ಲಿಷ್ ಕೂಡ ಬಹಳ ಕಡೆ ಕೇಳುತ್ತಾರೆ. ಕೆಲವರಿಗೆ ಮೈಕ್ರೊಬಯಾಲಜಿ, ಅನಾಟಮಿ ಸಹ ಬೇಕು. ಒಂದೊಂದು ಶಾಲೆಯದು ಒಂದೊಂದು ಪಟ್ಟಿ, ನಮ್ಮ ಮಿಷಿಗನ್‌ನಲ್ಲೇ ಇರುವ ಡೆಂಟಲ್ ಸ್ಕೂಲ್‌ಗಳಾದ ಆನ್ ಆರ್ಬರ್‌ನದ್ದು, ಡೆಟ್ರಾಯ್ಟ್ ಮರ್ಸಿಯದು ಮೊದಲು ನೋಡು. ಒಂದು ವಿಷಯದಲ್ಲಿ ಕಡಿಮೆ ಗ್ರೇಡ್ ಬಂತು, ಮತ್ತೆ ಓದಿ ಸರಿ ಮಾಡಿಕೊಂಡೆ ಅಂದರೂ ಅರ್ಜಿಯ ಲೆಕ್ಕದಲ್ಲಿ ಹಳೆಯದೂ ಸೇರುತ್ತದೆ. ಆದ್ದರಿಂದ ಮೊದಲ ವರ್ಷವನ್ನು ಸಡಿಲ ಬಿಡಬೇಡ.

ಡೆಂಟಲ್ ಸ್ಕೂಲ್ ಪ್ರವೇಶಕ್ಕೆ ಬೇಕಾದ ಡ್ಯಾಟ್ ಪರೀಕ್ಷೆಯನ್ನು ಮೂರನೇ ವರ್ಷದ ಕೊನೆಗೆ ಬರೆ. ಅಷ್ಟರಲ್ಲಿ ಆರ್ಗ್ಯಾನಿಕ್ ಮುಗಿದಿರುತ್ತದೆ. ವಿಜ್ಞಾನದ ಭಾಗದಲ್ಲಿ 100 ಪ್ರಶ್ನೆ, 90 ನಿಮಿಷ. 2025ರ ಮಾರ್ಚ್‌ನಿಂದ ಅಂಕ ಕೊಡುವ ಅಳತೆ 200ರಿಂದ 600. ಸೀನಿಯರ್‌ಗಳು "ನನಗೆ 21 ಬಂದಿತ್ತು" ಅಂದರೆ ಅದು ಹಳೆಯ 30ರ ಅಳತೆ, ಗಾಬರಿಯಾಗಬೇಡ. ನಮ್ಮ ಮಕ್ಕಳಿಗೆ ಹೊಸದು ಅನಿಸುವುದು ಪ್ಯಾಟ್ ಅನ್ನುವ ಭಾಗ. ಒಂದು ಆಕಾರವನ್ನು ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೆ, ಮಡಿಸಿದ ಕಾಗದಕ್ಕೆ ತೂತು ಹೊಡೆದು ಬಿಚ್ಚಿದರೆ ತೂತು ಎಲ್ಲೆಲ್ಲಿ ಇರುತ್ತದೆ, ಇಂಥವು. ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಬರುತ್ತದೆ, ಪರೀಕ್ಷೆಯ ಹಿಂದಿನ ವಾರ ಕೂತು ಉರು ಹೊಡೆದರೆ ಬರುವುದಿಲ್ಲ.

ಇದು ಹಲ್ಲಿನ ಕೆಲಸಕ್ಕೆ ಯಾಕೆ ಬೇಕು ಅನ್ನುವುದು ನನಗೆ ಬಿಡಿಎಸ್ ಮೊದಲ ವರ್ಷದಲ್ಲೇ ಗೊತ್ತಾಯಿತು. ಮೇಣದ ತುಂಡಿನಲ್ಲಿ ಹಲ್ಲು ಕೆತ್ತಿಸುತ್ತಿದ್ದರು. ನಮ್ಮ ಸರ್ ನಾನು ಕೆತ್ತಿದ ದವಡೆ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಅಂಚಿನ ಏಣು ಸವರಿ ವಾಪಸ್ ಕೊಡುತ್ತಿದ್ದರು. ಮಾತೇ ಇಲ್ಲ. ಆ ಉಗುರು ನಿಂತ ಜಾಗದಲ್ಲಿ ತಪ್ಪು ಇರುತ್ತಿತ್ತು. ನನ್ನ ಕೈಗೆ ಕೆಲಸ ಕಲಿಸಿದವರು ಅವರು.

ನಮ್ಮಲ್ಲಿ ಮೇಷ್ಟ್ರ ಜತೆ ಹೇಗಿರುತ್ತೇವೆ ಅಂತ ನಿನಗೆ ಗೊತ್ತಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕರೆಯುವವರೆಗೂ ಕಾಯುವುದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೊರಗೆ ಬರುವುದು. ಸುಮ್ನೆ ಹೋಗಿ ಮಾತಾಡಿಸಿದರೆ ಮಾರ್ಕ್ಸಿಗೆ ಬೆಣ್ಣೆ ಹಚ್ಚುತ್ತಿದ್ದಾಳೆ ಅನ್ನುತ್ತಾರೆ. ಅಷ್ಟು ವರ್ಷದಲ್ಲಿ ಸರ್ ಜತೆ ನಾನು ಓದಿನ ಆಚೆಗೆ ಒಂದು ಪೂರ್ತಿ ಮಾತು ಆಡಿರಲಿಲ್ಲ. ಇಲ್ಲಿ ಬಂದ ಮೇಲೆ ಅರ್ಜಿಗೆ ಶಿಫಾರಸು ಪತ್ರ ಬೇಕಾಯಿತು, ಅವರನ್ನೇ ಕೇಳಿದೆ. ಪತ್ರ ಬಂತು. ಈ ವಿದ್ಯಾರ್ಥಿನಿ ಶ್ರದ್ಧೆಯವಳು, ವಿಧೇಯಳು, ಕಾಲೇಜಿನಲ್ಲಿದ್ದಷ್ಟು ಕಾಲ ನಡತೆ ಚೆನ್ನಾಗಿತ್ತು, ಒಳ್ಳೆಯದಾಗಲಿ. ಅಷ್ಟೇ. ಕೆಳಗೆ ದುಂಡನೆಯ ಸೀಲು. ಅದರಲ್ಲಿ ಅವರದೇನೂ ತಪ್ಪಿಲ್ಲ, ಅಲ್ಲಿ ಎಲ್ಲರಿಗೂ ಕೊಡುವುದು ಅದನ್ನೇ. ಇಲ್ಲಿ ಓದುವವರಿಗೆ ಮಾತ್ರ ಅದು ಖಾಲಿ ಹಾಳೆ. ಆ ವರ್ಷ ಎಲ್ಲಿಂದಲೂ ಇಂಟರ್‌ವ್ಯೂಗೆ ಕರೆ ಬರಲಿಲ್ಲ.

ಆಗ ಒಂದು ಉಚಿತ ಕ್ಲಿನಿಕ್‌ನಲ್ಲಿ ವಾಲಂಟಿಯರ್ ಆಗಿ ಸೇರಿದೆ. ಕಾರ್ ಫ್ಯಾಕ್ಟರಿಯಿಂದ ನಿವೃತ್ತರಾದ ಒಬ್ಬ ಅಜ್ಜ ಹಲ್ಲಿನ ಸೆಟ್ಟು ಮಾಡಿಸಲು ಬಂದಿದ್ದರು. ಅಚ್ಚು ತೆಗೆಯುವ ಟ್ರೇ ಬಾಯಿಗೆ ಹೋದ ಕೂಡಲೇ ಓಕರಿಕೆ. ಡಾಕ್ಟರ್ ತೆಗೆದು ಮತ್ತೆ ಇಟ್ಟರೂ ಅದೇ ಕಥೆ, ಅಜ್ಜನ ಕಣ್ಣಲ್ಲಿ ನೀರು. ಪಕ್ಕದಲ್ಲಿ ನಿಂತಿದ್ದ ನಾನು ಬಗ್ಗಿ, ಬಲಗಾಲು ಸ್ವಲ್ಪ ಮೇಲೆತ್ತಿ ಹಿಡಿಯಿರಿ, ಹೆಬ್ಬೆರಳು ಅಲ್ಲಾಡಿಸುತ್ತಾ ಇರಿ ಅಂದೆ. ಗಮನ ಕಾಲಿಗೆ ಹೋಯಿತು, ಅಚ್ಚು ಗಟ್ಟಿಯಾಯಿತು. ಅದು ನಮ್ಮ ಸರ್ ಹಳ್ಳಿಯಿಂದ ಬಂದ ಪೇಷಂಟ್‌ಗಳಿಗೆ ಹೇಳುತ್ತಿದ್ದ ಉಪಾಯ. ಆಮೇಲೆ ಆ ಡಾಕ್ಟರ್ ನನಗೆ ಬರೆದುಕೊಟ್ಟ ಪತ್ರದಲ್ಲಿ ಈ ಘಟನೆಯೇ ಮುಕ್ಕಾಲು ಭಾಗ ಇತ್ತು. ಮುಂದಿನ ಸಲ ಸೀಟು ಸಿಕ್ಕಿತು. ಇವತ್ತು ನನ್ನ ಹೆಸರಿನ ಬೋರ್ಡಿರುವ ಕ್ಲಿನಿಕ್ ಇದೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸರ್ ಕೆಲವು ವರ್ಷದ ಹಿಂದೆ ತೀರಿಕೊಂಡರು. ಅವರ ಉಪಾಯ ಇಷ್ಟು ದೂರದಲ್ಲಿ ಒಬ್ಬ ಅಜ್ಜನಿಗೆ ಹಲ್ಲು ಕೊಡಿಸಿತು, ನನಗೆ ಸೀಟು ಕೊಡಿಸಿತು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ನಂಬರ್ ನನ್ನ ಹತ್ತಿರ ಇತ್ತು. ಏನು ಅಂತ ಮಾತಾಡೋದು ಅನ್ನೋ ಸಂಕೋಚ. ಅಭ್ಯಾಸವಾಗದೇ ಉಳಿದದ್ದು ಅಂತ ಮೇಲೆ ಹೇಳಿದೆನಲ್ಲ, ಇದೇ. ಅಚ್ಚು ತೆಗೆಯುವ ದಿನ ಅವರ ನೆನಪು ಬಂದೇ ಬರುತ್ತದೆ.

ಅದಕ್ಕೇ ನಿನಗೆ ಮತ್ತೆ ಮತ್ತೆ ಹೇಳುವುದು. ಇಲ್ಲಿ ಪ್ರೊಫೆಸರ್‌ಗಳು ಆಫೀಸ್ ಅವರ್ಸ್ ಅಂತ ಬಾಗಿಲು ತೆರೆದುಕೊಂಡು ಕೂತಿರುತ್ತಾರೆ. ಅದು ಮಾತಿಗೆ ಹೇಳುವ ಮರ್ಯಾದೆ ಅಲ್ಲ, ನಿಜವಾಗಿ ಬರಲಿ ಅಂತಲೇ. ಉತ್ತರ ಪತ್ರಿಕೆ ಹಿಡಿದುಕೊಂಡು ಹೋಗು. ಮಾರ್ಕ್ಸ್ ಕೇಳಬೇಡ, ನನ್ನ ಯೋಚನೆ ಎಲ್ಲಿ ದಾರಿ ತಪ್ಪಿತು ಅಂತ ಕೇಳು. ಮುಂದಿನ ವಾರ ಮತ್ತೆ ಹೋಗು. ನಿನ್ನ ಊರು, ನಿನ್ನ ಆಸಕ್ತಿ ಕೇಳಿದರೆ ಹೇಳು, ತಲೆ ತಗ್ಗಿಸಿ ಕೂರಬೇಡ. ನಿನ್ನ ಅರ್ಜಿಗೆ ಸಾಮಾನ್ಯವಾಗಿ ಇಬ್ಬರು ವಿಜ್ಞಾನದ ಪ್ರೊಫೆಸರ್‌ಗಳ ಪತ್ರ ಬೇಕು, ಜತೆಗೆ ಒಬ್ಬ ಡೆಂಟಿಸ್ಟ್‌ದು ಇದ್ದರೆ ಒಳ್ಳೆಯದು. ಮೂರನೇ ವರ್ಷದ ಚಳಿಗಾಲ ಕಳೆಯುವ ಹೊತ್ತಿಗೆ ಕೇಳು. ನಿನ್ನನ್ನು ಬಲ್ಲವರು ಬರೆದದ್ದು ಓದಿದ ಕೂಡಲೇ ಗೊತ್ತಾಗುತ್ತದೆ.

ಅರ್ಜಿ ಹಾಕುವುದು ಇಲ್ಲಿಯ ಡೆಂಟಲ್ ಶಿಕ್ಷಣ ಸಂಘವಾದ ಎಡಿಇಎ ನಡೆಸುವ ಆಡ್‌ಸಾಸ್ ಅನ್ನುವ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ. ಮೇ ತಿಂಗಳಲ್ಲಿ ತೆರೆಯುತ್ತದೆ, ಜೂನ್ ಮೊದಲಲ್ಲೇ ಕಳಿಸಿಬಿಡು. ಬಂದ ಹಾಗೆ ನೋಡುತ್ತಾ ಹೋಗುತ್ತಾರೆ, ಕೊನೆಯ ದಿನಾಂಕಕ್ಕೆ ಕಾಯುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ನಿನ್ನ ಬಗ್ಗೆ ನೀನೇ ಬರೆಯುವ ಪ್ರಬಂಧಕ್ಕೆ ಖಾಲಿ ಜಾಗ ಸೇರಿ 4,500 ಅಕ್ಷರದ ಮಿತಿ. ಅದರಲ್ಲಿ ಚಿಕ್ಕಂದಿನಿಂದ ಡಾಕ್ಟರ್ ಆಗುವ ಕನಸು ಅಂತ ಶುರು ಮಾಡಬೇಡ. ಕಣ್ಣಾರೆ ನೋಡಿದ್ದನ್ನು ಬರೆ.

ನೋಡುವುದಕ್ಕೆ ಡೆಂಟಿಸ್ಟ್ ಪಕ್ಕ ನಿಂತುಕೊಳ್ಳಬೇಕು. ಶ್ಯಾಡೋಯಿಂಗ್ ಅಂತಾರಲ್ಲ, 100 ಗಂಟೆ ಮಾಡು ಅನ್ನುವುದು ಇಲ್ಲಿ ಎಲ್ಲರೂ ಹೇಳುವ ಮಾತು. ಬೇಸಿಗೆ ರಜೆಯಲ್ಲಿ ನಮ್ಮ ಕ್ಲಿನಿಕ್‌ಗೆ ಬಾ. ಮುಚ್ಚಿದ ಶೂ ಹಾಕಿಕೋ, ಕೂದಲು ಹಿಂದಕ್ಕೆ ಕಟ್ಟು, ಪೇಷಂಟ್‌ಗಳ ವಿಷಯ ಹೊರಗೆ ಹೇಳುವುದಿಲ್ಲ ಅಂತ ಒಂದು ಕಾಗದಕ್ಕೆ ಸಹಿ ಹಾಕಬೇಕು. ದಿನಾಂಕ, ಗಂಟೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಊರಿನವರು ಅಂತ ನಾನು ಸುಮ್ಮನೆ ಪತ್ರ ಬರೆದುಕೊಡುವುದಿಲ್ಲ, ನಿನ್ನನ್ನು ನೋಡಿದ ಮೇಲೆ ಬರೆಯುತ್ತೇನೆ. ಇನ್ನೂ ಇಬ್ಬರು ಮೂವರು ಬೇರೆ ಡೆಂಟಿಸ್ಟ್‌ಗಳ ಹತ್ತಿರವೂ ಹೋಗು, ನಮ್ಮವರಲ್ಲದವರ ಹತ್ತಿರ. ಅದಕ್ಕೂ ಮುಂಚೆ, ಈ ಸೆಮಿಸ್ಟರ್ ಮುಗಿಯುವುದರೊಳಗೆ ಕೆಮಿಸ್ಟ್ರಿ ಪ್ರೊಫೆಸರ್‌ನ ಒಂದು ಸಲವಾದರೂ ಮಾತಾಡಿಸಿ, ಏನಾಯಿತು ಅಂತ ನನಗೆ ಬರೆ.