ಆಲ್ ವೀಲ್ ಡ್ರೈವ್ ಸಾಕಾ, ಫೋರ್ ಬೈ ಫೋರೇ ಬೇಕಾ?

ಪ್ರಶ್ನೆ: ನಾವಿರುವುದು ಬೆಂಗಳೂರಲ್ಲಿ. ಆಗಾಗ ಸಕಲೇಶಪುರದ ಹತ್ತಿರದ ತೋಟದ ಮನೆಗೆ ಹೋಗುತ್ತೇವೆ. ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ಏರುದಾರಿ, ಮಳೆಗಾಲದಲ್ಲಿ ಈಗಿನ ಕಾರು ಹತ್ತುವುದಿಲ್ಲ. ಆಲ್ ವೀಲ್ ಡ್ರೈವ್, ಫೋರ್ ಬೈ ಫೋರ್ ಎರಡರಲ್ಲಿ ಯಾವ ಗಾಡಿ ತಗೊಳ್ಳಲಿ? ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ ಅಲ್ವಾ?

ಉತ್ತರ: ಹೋಗುತ್ತದೆ, ಆದರೆ ಹೋಗುವ ರೀತಿ ಬೇರೆ. ಮಾರುತಿ ಜಿಮ್ನಿಯಲ್ಲಿ, ಮಹೀಂದ್ರದ ಮೂರು ಬಾಗಿಲಿನ ಥಾರ್ ಫೋರ್ ಬೈ ಫೋರ್‌ನಲ್ಲಿ ಗೇರ್ ಪಕ್ಕ ಇನ್ನೊಂದು ಲಿವರ್ ಇರುತ್ತದೆ. ಅದನ್ನು 2ಎಚ್‌ಗೆ (ಎರಡು ಚಕ್ರದ ಡ್ರೈವ್) ಇಟ್ಟರೆ ಹಿಂದಿನ ಚಕ್ರಗಳಷ್ಟೇ ಗಾಡಿ ತಳ್ಳುತ್ತವೆ. 4ಎಚ್ (ನಾಲ್ಕು ಚಕ್ರದ ಡ್ರೈವ್) ಹಾಕಿದರೆ ಮುಂದಿನ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಹಿಂದಿನದರ ಜೊತೆ ಬಿಗಿಯಾಗಿ ಸೇರಿಕೊಳ್ಳುತ್ತದೆ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಲ್ಲಿ ಬೇಕಾದದ್ದು ಇದೇ. ಒಣ ಡಾಂಬರಿನ ಮೇಲೆ ಮಾತ್ರ ಇದು ಬೇಡ, ಯಾಕೆಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಸುತ್ತಬೇಕು, ಅದಕ್ಕೆ ಅವಕಾಶ ಸಿಗದೆ ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರ್ ಉಜ್ಜುತ್ತದೆ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ತಡೆಯುತ್ತದೆ. ಆಗ ಲಿವರ್ 2ಎಚ್‌ಗೆ ಬರದಿದ್ದರೆ ಬಲವಂತ ಮಾಡಬೇಡಿ. ನೇರವಾಗಿ ಸ್ವಲ್ಪ ಹಿಂದಕ್ಕೆ ತಗೊಂಡರೆ ಸಡಿಲವಾಗುತ್ತದೆ.

ಮಾರುತಿಯ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್‌ನಂಥ ಆಲ್ ವೀಲ್ ಡ್ರೈವ್‌ನಲ್ಲಿ ಈ ರಗಳೆ ಇಲ್ಲ. ಮುಂದಿನ ಚಕ್ರ ಜಾರಿದ ಕೂಡಲೇ ಒಂದು ಕ್ಲಚ್ ಮೂಲಕ ಹಿಂದಕ್ಕೂ ಶಕ್ತಿ ಹೋಗುತ್ತದೆ, ಎಲ್ಲ ತಾನಾಗಿಯೇ. ಒದ್ದೆ ರಸ್ತೆಗೆ, ಜಲ್ಲಿ ದಾರಿಗೆ ತುಂಬಾ ಚೆನ್ನ. ಆದರೆ ಅದರಲ್ಲಿ 4ಎಲ್, ಅಂದರೆ ನಾಲ್ಕೂ ಚಕ್ರವನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಲೋ ಗೇರ್, ಇಲ್ಲ.

ನಿಮ್ಮ ವಿಷಯದಲ್ಲಿ ತೀರ್ಮಾನ ನಿಂತಿರುವುದು ಅಲ್ಲೇ. ಜಿಮ್ನಿಯಲ್ಲಿ 4ಎಲ್ ಹಾಕಿದರೆ ಅದೇ ಗೇರಿನಲ್ಲಿ ಚಕ್ರದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಎಳೆತ ಎರಡರಷ್ಟು. ಹತ್ತುವುದಕ್ಕಿಂತ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಒದ್ದೆ ಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ, 4ಎಲ್ ಫಸ್ಟ್ ಗೇರಿನಲ್ಲಿ ಎಂಜಿನ್ನೇ ಹಿಡಿದು ಮೆಲ್ಲಗೆ ಇಳಿಸುತ್ತದೆ. ಹಾಗಾಗಿ ನಿಮಗೆ ಫೋರ್ ಬೈ ಫೋರೇ ಸರಿ, ಬೆಂಗಳೂರಲ್ಲಿ 2ಎಚ್‌ನಲ್ಲೇ ಓಡಿಸಿ.

ಟೈರ್ ಮರೆಯಬೇಡಿ. ಅದರ ಬಟನ್ (ನೆಲ ಕಚ್ಚುವ ಉಬ್ಬುಗಳು) ಸವೆದಿದ್ದರೆ ನಾಲ್ಕೂ ಚಕ್ರ ಸುಮ್ನೆ ತಿರುಗುತ್ತವೆ ಅಷ್ಟೇ. ಮಲೆನಾಡಿನ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಕಟ್ಟುವುದು ಸುಮ್ಸುಮ್ನೆ ಅಲ್ಲ. ಇನ್ನೊಂದು, ಘಾಟಿಯಲ್ಲಿ ಬ್ರೇಕ್ ಹಾಕಿದಾಗ ನಾಲ್ಕು ಚಕ್ರದ ಡ್ರೈವ್ ಇದೆ ಅಂತ ಗಾಡಿ ನಿಲ್ಲುವ ದೂರ ಕಡಿಮೆಯಾಗುವುದಿಲ್ಲ.

4ಎಲ್ ಹಾಕಲು ಗಾಡಿ ನಿಲ್ಲಿಸಲೇಬೇಕು. ಆದ್ದರಿಂದ ಏರು ಶುರುವಾಗುವ ಮೊದಲೇ, ಸಮತಟ್ಟು ಜಾಗದಲ್ಲಿ ಹಾಕಿಕೊಳ್ಳಿ.