ಋಣ ಬೇರೆ, ಕೃತಜ್ಞತೆ ಬೇರೆ

ತಂಗೀ,

ನಿಮ್ಮ ಪತ್ರ ಎರಡು ಸಲ ಓದಿದೆ. ನಿವೃತ್ತಿಯಾಗಿ 62ನೇ ವಯಸ್ಸಿಗೆ ಹೊರದೇಶದಲ್ಲಿರುವ ಮಗಳ ಮನೆಗೆ ಬಂದಿದ್ದೀರಿ, ಎಲ್ಲ ಅನುಕೂಲವಿದ್ದರೂ ಹೊತ್ತು ಹೋಗುವುದಿಲ್ಲ, ಹಾಗನ್ನಿಸುವುದೇ ಕೃತಘ್ನತೆಯೇನೋ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ನಾನು ಹೊರದೇಶಕ್ಕೆ ಬಂದು 14 ವರ್ಷವಾಯಿತು. ಮೊದಲ ವರ್ಷ ಮಗ-ಸೊಸೆ ಏನು ಮಾಡಿದರೂ "ನನ್ನಿಂದ ನಿಮಗೆ ತೊಂದರೆ" ಅನ್ನುತ್ತಿದ್ದೆ. ಕಾರಿನಲ್ಲಿ ಬಿಟ್ಟು ಬಂದರೂ ಅದೇ ಮಾತು, ಡಾಕ್ಟರ ಹತ್ತಿರ ಕರೆದೊಯ್ದರೂ ಅದೇ. ಒಂದು ದಿನ ಸೊಸೆ ನೊಂದುಕೊಂಡು ಕೇಳಿದಳು: "ಅತ್ತೆ, ನಾವು ಮಾಡಿದ್ದು ನಿಮಗೆ ಖುಷಿಯಾಯಿತು ಅಂತ ಒಂದು ಸಲವೂ ಹೇಳಲಿಲ್ಲವಲ್ಲ?" ಅಷ್ಟು ದಿನ ನಾನು ಇಟ್ಟುಕೊಂಡು ಬಂದದ್ದು ಋಣದ ಲೆಕ್ಕ, ಅದನ್ನೇ ಕೃತಜ್ಞತೆ ಅಂದುಕೊಂಡಿದ್ದೆ. ಅಂದಿನಿಂದ ವಾರಕ್ಕೊಮ್ಮೆ ಒಂದು ನೋಟ್‌ಬುಕ್ಕಿನಲ್ಲಿ ಹಿತವಾದ ನಾಲ್ಕೈದು ಸಂಗತಿ ಬರೆದಿಡುತ್ತೇನೆ. ಎಮನ್ಸ್ ಮತ್ತು ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರ ಹೀಗೆ ಬರೆದವರಿಗೆ, ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ, ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು. ಹಾಗೆ ಬರೆದವರು ಕಾಲೇಜು ವಿದ್ಯಾರ್ಥಿಗಳು, ಆದರೂ ನನಗೆ ಫಲ ಸಿಕ್ಕಿದೆ.

ಆರೋಗ್ಯದ ವಿಷಯ ಚುಟುಕಾಗಿ ಹೇಳುತ್ತೇನೆ. ನೀವು ನುಂಗುವ ಮಾತ್ರೆಗಳ ಬ್ರಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು ಮತ್ತು ಪ್ರಮಾಣವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬ್ರಾಂಡು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಡಿಗೆ ಬಿಡಬೇಡಿ. 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ, ಜೊತೆಗೆ ಮೂರು ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಚಳಿಗಾಲವಿಡೀ ನಾನು ಒಳಗೇ ಕೂತೆ. ವಸಂತದ ಹೊತ್ತಿಗೆ ಕೈಯೂರದೆ ಕುರ್ಚಿಯಿಂದ ಏಳಲಾಗುತ್ತಿರಲಿಲ್ಲ. ಫಿಸಿಯೋಥೆರಪಿಯವರು ಕೊಟ್ಟದ್ದು ಒಂದೇ ಪಾಠ, ದಿನಾ ಅದೇ ಕುರ್ಚಿಯಲ್ಲಿ ಹತ್ತು ಸಲ ಕೂತು ಏಳುವುದು. ಇವತ್ತಿಗೂ ತಪ್ಪಿಸಿಲ್ಲ.

ಆದರೆ ನನ್ನನ್ನು ನಿಜವಾಗಿ ಎಬ್ಬಿಸಿ ನಿಲ್ಲಿಸಿದ್ದು ಕೆಲಸ. ಹತ್ತಿರದ ಲೈಬ್ರರಿಯಲ್ಲಿ ಮಂಗಳವಾರ ಮಕ್ಕಳ ಹರಿದ ಪುಸ್ತಕಗಳಿಗೆ ಗೋಂದು ಹಚ್ಚಿ, ದಾರ ಹಾಕಿ, ಬೆನ್ನು ಕಟ್ಟುತ್ತೇನೆ. ಭಾಷೆ ಅಷ್ಟಾಗಿ ಬೇಕಿಲ್ಲ, ಕೈ ಬೇಕು. ಒಮ್ಮೆ ಜ್ವರ ಬಂದು ಹೋಗಲಾಗಲಿಲ್ಲ. ಸಂಜೆ ಅಲ್ಲಿಂದ ಫೋನು: "ನೀವು ಬರಲಿಲ್ಲವಲ್ಲ, ಹುಷಾರಾಗಿದ್ದೀರಾ?" ಮನೆಯವರಲ್ಲದ ಯಾರೋ ನನ್ನ ದಾರಿ ಕಾದಿದ್ದರು ತಂಗೀ. ಫೋನಿಟ್ಟು ಸುಮ್ಮನೆ ಅತ್ತೆ.

ಮೊಮ್ಮಗುವನ್ನು ನೋಡಿಕೊಳ್ಳುವುದೂ ಕೆಲಸವೇ, ದೊಡ್ಡ ಕೆಲಸ. ಆದರೆ ವಾರದಲ್ಲಿ ಎರಡು ಗಂಟೆಯಾದರೂ, ನಿಮ್ಮನ್ನು ಯಾರದೋ ತಾಯಿ ಎಂದಲ್ಲದೆ ನಿಮ್ಮ ಹೆಸರಿನಿಂದಲೇ ಗುರುತಿಸುವ ಒಂದು ಜಾಗ ಇರಲಿ. ಇದನ್ನು ಮಗಳ ಹತ್ತಿರ ಬಾಯಿಬಿಟ್ಟು ಕೇಳಿ, ಅವಳಿಗೂ ಹಗುರವಾಗುತ್ತದೆ.

ಇಂಥ ಸೇವೆಗೆ ಹೊರಡುವ ಮುಂಚೆ ನಿಮ್ಮ ವೀಸಾದ ಷರತ್ತು ಓದಿಸಿಕೊಳ್ಳಿ. ಸಂಬಳವಿಲ್ಲದ ಸೇವೆಯನ್ನೂ ಕೆಲವು ದೇಶಗಳು ಉದ್ಯೋಗವೆಂದೇ ಎಣಿಸುತ್ತವೆ, ಆಮೇಲೆ ತೊಡಕಾಗಬಾರದು. 28 ವರ್ಷ ನರ್ಸ್ ಆಗಿದ್ದೆ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಮುಂದಿನ ಪತ್ರದಲ್ಲಿ ಅದನ್ನೇ ವಿಸ್ತಾರವಾಗಿ ಬರೆಯಿರಿ, ಎಲ್ಲಿಂದ ಶುರುಮಾಡಬಹುದೆಂದು ಕೂತು ಯೋಚಿಸೋಣ.