ಟ್ಯಾಂಕ್ ಒಡೆದುಹೋಗಿದೆ. ಎರಡು ಗೋಲ್ಡ್ ಫಿಶ್‌ಗಳನ್ನು ಕಡಿಮೆ ಖರ್ಚಿನಲ್ಲಿ ಸದ್ಯಕ್ಕೆ ಎಲ್ಲಿ ಇಡಲಿ? ಫಿಲ್ಟರ್ ಬೇಕಾ?

ಸಣ್ಣ ಗಾಜಿನ ಬಟ್ಟಲು ಮಾತ್ರ ಬೇಡ. 60–80 ಲೀಟರ್ ಹಿಡಿಯುವ ಹೊಸ ಪ್ಲಾಸ್ಟಿಕ್ ಟಬ್ ಸಾಕು. ನೋಡೋಕೆ ಚೆನ್ನಾಗಿರಲ್ಲ, ಮೀನಿಗೆ ಅದರ ಚಿಂತೆ ಇಲ್ಲ. ಸೋಪು ತಾಗಿದ ಬಕೆಟ್ ಬಳಸಬೇಡಿ. ಮೇಲೆ ಬಲೆ ಮುಚ್ಚಿ, ಕೆಲವು ಮೀನು ಹಾರುತ್ತವೆ.

ಫಿಲ್ಟರ್ ಬೇಕೇ ಬೇಕು. ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್ ಎಲ್ಲಕ್ಕಿಂತ ಅಗ್ಗ. ಆದರೆ ಹೊಸ ಸ್ಪಾಂಜ್ ಹಾಕಿದ ತಕ್ಷಣ ಕೆಲಸ ಮಾಡಲ್ಲ. ಗೋಲ್ಡ್ ಫಿಶ್ ಅಮೋನಿಯಾ ಜಾಸ್ತಿ ಬಿಡುತ್ತದೆ, ಅದು ಮೀನಿಗೆ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ನೆಲೆಸಲು ಸಾಮಾನ್ಯವಾಗಿ 4–6 ವಾರ ಬೇಕು. ಹಳೆ ಫಿಲ್ಟರಿನ ಸ್ಪಾಂಜ್ ಇದ್ದರೆ ಒಣಗಲು ಬಿಡದೆ, ನಲ್ಲಿ ನೀರಲ್ಲಿ ತೊಳೆಯದೆ ಹಾಗೇ ಟಬ್ಬಿಗೆ ಹಾಕಿ. ಅದು ಪುಕ್ಕಟೆ ಸಿಕ್ಕ ಬ್ಯಾಕ್ಟೀರಿಯಾ, ಅಲ್ವಾ?

ಹಳೆ ಸ್ಪಾಂಜ್ ಇಲ್ಲದಿದ್ದರೆ ದಿನಾ ಕಾಲುಭಾಗದಿಂದ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರು ಟಬ್ಬಿನಷ್ಟೇ ಬಿಸಿಯಿರಲಿ, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿರಿ. ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹೋಗಬಹುದು, ಕ್ಲೋರಮಿನ್ (ಕೆಲವು ಕಡೆ ನಲ್ಲಿ ನೀರಿಗೆ ಹಾಕುವ ಕ್ಲೋರಿನ್-ಅಮೋನಿಯಾ ಸೇರಿದ ವಸ್ತು) ಹೋಗಲ್ಲ. ಊಟ ಕಡಿಮೆ ಮಾಡಿ. ಎರಡು ದಿನ ಹಾಕದಿದ್ದರೂ ಆರೋಗ್ಯವಾಗಿರುವ ದೊಡ್ಡ ಮೀನಿಗೆ ಏನೂ ಆಗಲ್ಲ. ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಅರ್ಧ ನೀರು ಬದಲಿಸಿ.